ಎಡೆಯ ಹಣ್ಣಿನ ಬೀಜ

28 ಸೆಪ್ಟೆಂಬರ್ 1958

ಹೊಳೆನರಸೀಪುರದಲ್ಲಿ ಈ ಪುಸ್ತಕ ಕೊಂಡು ತಂದೆ. ತೋಟದ ವಿಷಯ ಮಾತ್ರ ಬರೆಯತಕ್ಕದ್ದು, ಬೇರೇನೂ ಅಲ್ಲ. ಮೈಸೂರಿನಲ್ಲಿ ನಮ್ಮ ಬಾಟನಿ ಮೇಷ್ಟ್ರು ಬೋರ್ಡಿನ ಮೇಲೆ ದೊಡ್ಡದಾಗಿ 'ಅಬ್ಸರ್ವ್, ರೆಕಾರ್ಡ್, ಇನ್‌ಫರ್' ಎಂದು ಬರೆದು ಅದರ ಕೆಳಗೆ ಇನ್ನೊಂದು ಏನೋ ಬರೆಯುತ್ತಿದ್ದರು. ಆ ಕೊನೆಯದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗದು. ಇಂಟರ್‌ಮೀಡಿಯೆಟ್ ದಾಟದೆ ಉಳಿದದ್ದು ಅದರಿಂದಲೇ ಇರಬಹುದು.

ಬೆಳಿಗ್ಗೆ ಪುಟ್ಟರಾಜು ಬಂದಿದ್ದ. ಕಾಮಾಕ್ಷಿಯ ತಮ್ಮ. ಅಕ್ಕ ತೀರಿಕೊಂಡ ಮೇಲೆ ಈ ಮನೆಯ ಜಗಲಿ ಹತ್ತಿದವನಲ್ಲ. ಇವತ್ತು ಹತ್ತಿ, ಕೂತು, ಮಜ್ಜಿಗೆ ಕುಡಿದು, ಟವೆಲ್ಲಿನಿಂದ ಬಾಯಿ ಒರೆಸಿಕೊಂಡು ಶುರು ಮಾಡಿದ.

"ಭಾವ, ತೆಪ್ಪು ತಿಳ್ಕಬ್ಯಾಡಿ. ತ್ವಾಟ ನಮ್ಮಪ್ಪ ಅಕ್ಕಂಗೆ ಅಂತ ಕೊಟ್ಟಿದ್ದು. ಅಕ್ಕಂಗೆ ಮಕ್ಕಳಿಲ್ಲ. ಈಗ ಅಕ್ಕನೂ ಇಲ್ಲ. ನೀವು ಅದನ್ನ ಬೀಳು ಬಿಟ್ಕೊಂಡು ಕೂತಿದ್ರೆ ನೋಡೋರು ಏನಂತಾರೆ?"

"ಬೀಳು ಯಾಕೆ ಬಿಡಲಿ? ಟೊಮೇಟೊ ಹಾಕ್ತೀನಿ."

ಅವನು ನಕ್ಕುಬಿಟ್ಟ. "ನೀವಾ? ಬದ್ನೆ ಗಿಡ ಯಾವುದು ಉಮ್ಮತ್ತಿ ಗಿಡ ಯಾವುದು ಅಂತ ಅಕ್ಕನ್ನ ಕೇಳ್ಕೊಂಡು ಬತ್ತಿದ್ರಲ್ಲ ಭಾವ!"

"ಎರಡೂ ಒಂದೇ ಫ್ಯಾಮಿಲಿ. ಸೊಲನೇಸಿಯೇ."

"ಒಳ್ಳೆ ಪ್ಯಾಮ್ಲಿ. ಆಗ್ಲಿ, ಶಿವರಾತ್ರಿಗಂಟ ನೋಡಾಣ. ಬೆಳೆ ನಿಂತ್ರೆ ನೀವು ಇರೋಗಂಟ ತ್ವಾಟ ನಿಮ್ದು. ನಿಲ್ಲದೆ ಇದ್ರೆ ನಾನು ಏರು ಕಟ್ಟಿ ಉತ್ಬುಡ್ತೀನಿ. ಈ ಮನೇನೂ ಬಿಡಬೇಕಾಯ್ತದೆ. ದಂಡಿಗನಹಳ್ಳೀಲಿ ನಿಮ್ಮಣ್ಣನ ಮಕ್ಕಳವ್ರಲ್ಲ."

ಇದ್ದಾರೆ, ಅವರಿಗೆ ನನ್ನ ಮುಖದ ಗುರುತಿಲ್ಲ. ಮದುವೆಯಾದಾಗಿನಿಂದ ನಾನು ಹಳ್ಳಿಮೈಸೂರಿನ ಮಗ್ಗುಲ ಈ ಊರಿನಲ್ಲಿ ಮನೆಅಳಿಯ. ಗುಂಡಯ್ಯ ಎಂಬ ಹೆಸರು ಇಲ್ಲಿ ಯಾರ ಬಾಯಲ್ಲೂ ಇಲ್ಲ, 'ಕಾಮಾಕ್ಷಮ್ಮನ ಯಜಮಾನರು' ಅಷ್ಟೆ. ಕಾಮಾಕ್ಷಿಯನ್ನು ಮಣ್ಣು ಮಾಡಿರುವುದು ಅದೇ ತೋಟದ ಮೂಲೆಯಲ್ಲಿ, ಹುಣಸೆಮರದ ಕೆಳಗೆ. ತೋಟ ಹೋದರೆ ಅವಳು ಇಲ್ಲಿ, ನಾನು ದಂಡಿಗನಹಳ್ಳಿಯಲ್ಲಿ ಯಾರದೋ ಜಗಲಿಯ ಮೇಲೆ. ಅದು ಆಗಕೂಡದು. ಇಂಪಾಸಿಬಲ್.

5 ಅಕ್ಟೋಬರ್

ಹಾಸನಕ್ಕೆ ಹೋಗಿ ಬೀಜ ತಂದೆ. ಮಾರ್‌ಗ್ಲೋಬ್ ಎಂಬ ಕೆಂಪು ಜಾತಿ, ಗೋಲ್ಡನ್ ಕ್ವೀನ್ ಎಂಬ ಅಪ್ಪಟ ಹಳದಿ. ಪಾಂಡೆರೋಸಾ ಎಂಬ ನಸುಗೆಂಪಿನದೂ ಇತ್ತು. 'ಪಾಂಡರ್' ಎಂದರೆ ಆಲೋಚನೆ ಮಾಡು ಎಂದು ಅರ್ಥ. ಆಲೋಚನೆ ಮಾಡಿ ಬಿಟ್ಟು ಬಂದೆ. ಸಂತೆಯಲ್ಲಿ ಒಂದೇ ಬಣ್ಣದ ಗುಡ್ಡೆಗಳ ನಡುವೆ ಎರಡು ಬಣ್ಣ ಹರಡಿ ಕೂತರೆ ಜನದ ಕಣ್ಣು ತಾನೇ ಅಲ್ಲಿ ನಿಲ್ಲುತ್ತದೆ. ಇದು ಸೈಕಾಲಜಿ.

ಬರುವಾಗ ನರಸೀಪುರದಲ್ಲಿ ಇಳಿದು ಮಾಯಮ್ಮನನ್ನು ಕಂಡೆ. ಕಾಮಾಕ್ಷಿ ಬೆಳೆದದ್ದನ್ನು ಸಂತೆಯಲ್ಲಿ ಮಾರಿಕೊಡುತ್ತಿದ್ದವಳು. ನನ್ನ ಸೈಕಾಲಜಿ ಕೇಳಿ ಅವಳು ಎಲೆಯಡಿಕೆ ಉಗಿದಳು.

"ಕೆಂಪ್ನೆವು ತನ್ನಿ ಸಾ, ಬ್ಯಾಡ ಅನ್ನಕಿಲ್ಲ. ಆದ್ರೆ ಅಗ್ರಾರದ ಮನೆಯೋರು ಮಾಂಸ ಕಂಡಂಗೆ ಮೂಗು ಮುಚ್ಕೊಂಡು ಓಯ್ತರೆ."

"ಅವರಿಗೆ ಹಳದಿ ಕೊಟ್ಟರಾಯಿತು."

"ಅಣ್ಣಿಗೆ ಕಾಮಾಲೆ ಆಗ್ಯದೆ ಅಂತರೆ."

"ಇನ್ನು ಯಾವ ಬಣ್ಣ ತರಲಿ ತಾಯಿ? ನೀಲಿ?"

ಅವಳು ನಗಲಿಲ್ಲ. "ಕಾಮಾಕ್ಷಮ್ಮಾರು ತತ್ತಿದ್ರಲ್ಲ, ಒಗೆ ಬಣ್ಣದ್ದು. ಅದ್ನ ಇವತ್ಗೂ ಕೇಳ್ತರೆ ಜನ. ಅದ್ರ ಬೀಜ ಮಡಗಿಲ್ವಾ?"

ಇಟ್ಟಿಲ್ಲ. ಕಾಮಾಕ್ಷಿ ಅದನ್ನು ಎಲ್ಲಿಂದ ತಂದಿದ್ದಳೋ ಗೊತ್ತಿಲ್ಲ. ಹಣ್ಣಿನ ಬುಡ ಇಟ್ಟಿಗೆ ಬಣ್ಣ, ತೊಟ್ಟಿನ ಸುತ್ತ ಹೊಗೆ ಹಿಡಿದ ಹಾಗೆ ಕಪ್ಪು. ನೋಡಲಿಕ್ಕೆ ಅಂದವೇನಿಲ್ಲ. ಮನೆಗೆ ಬಂದು ಹುಡುಕಿದರೆ ಬಚ್ಚಲ ಹಿಂದೆ ತಾನಾಗಿ ಹುಟ್ಟಿದ ಒಂದು ಗಿಡ, ಅರ್ಧ ಒಣಗಿದ್ದು. ಅದರಲ್ಲಿ ಒಂದೇ ಹಣ್ಣು.

12 ಅಕ್ಟೋಬರ್, ಮಹಾಲಯ ಅಮಾವಾಸ್ಯೆ

ಕಾಮಾಕ್ಷಿಗೆ ಎಡೆ ಇಟ್ಟೆ. ಅಡಿಗೆಯೆಲ್ಲ ಪಕ್ಕದ ಮನೆಯ ಸುಬ್ಬಮ್ಮನದು. ಆಕೆ ಕಾಮಾಕ್ಷಿಗೆ ಚಿಕ್ಕಮ್ಮನಾಗಬೇಕು, ನನ್ನನ್ನು ಮೂವತ್ತು ವರ್ಷದಿಂದ 'ಅಳೀಮಯ್ಯ' ಎಂದು ಕರೆದು ಹಂಗಿಸುವುದೇ ಆಕೆಗೆ ಬೇಸರ ಕಳೆಯುವ ದಾರಿ. ಹೊಸ ಸೀರೆ ಮಡಿಸಿಟ್ಟು, ಮುಂದೆ ಎಲೆ ಹಾಕಿ, ಕಜ್ಜಾಯ, ವಡೆ, ಅನ್ನ, ಕೋಳಿಸಾರು ಬಡಿಸಿದೆವು. ಅವಳಿಗೆ ಇಷ್ಟವಲ್ಲವೆ ಎಂದು ಆ ಒಂಟಿ ಹಣ್ಣನ್ನೂ ಕಿತ್ತು ಎಲೆಯ ತುದಿಗೆ ಇಟ್ಟೆ. ಆಮೇಲೆ ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕೂತೆವು. ನಡುಮಧ್ಯಾಹ್ನ. ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ಒಳಗೆ ತಟ್ಟೆಯದೋ ಬಳೆಯದೋ ಸದ್ದಾದಂತಾಯಿತು.

"ಬೆಕ್ಕು," ಎಂದೆ.

"ಬೆಕ್ಕಿಗೆ ಬಳೆ ಯಾರು ತೊಡ್ಸಿದ್ರು ಅಳೀಮಯ್ಯ?" ಎಂದಳು ಸುಬ್ಬಮ್ಮ.

ಬಾಗಿಲು ತಟ್ಟಿ ಒಳಗೆ ಹೋದಾಗ ಎಲ್ಲ ಇಟ್ಟಲ್ಲೇ ಇತ್ತು. ಹಣ್ಣಿನ ಮೇಲೆ ಮಾತ್ರ ಒಂದು ಉಗುರಿನ ಗುರುತು. ಮಾಗಿದೆಯೋ ಇಲ್ಲವೋ ಎಂದು ಕಾಮಾಕ್ಷಿ ಹೆಬ್ಬೆರಳಿನಲ್ಲಿ ಒತ್ತಿ ನೋಡುತ್ತಿದ್ದಳಲ್ಲ, ಅಂಥದು. ಇಲಿ ಇರಬೇಕೆಂದು ಇನ್‌ಫರ್ ಮಾಡಿದೆ.

15 ಅಕ್ಟೋಬರ್

ಮೂರು ಮಡಿ ಮಾಡಿ ಬೀಜ ಹಾಕಿದೆ: ಕೆಂಪಿಗೊಂದು, ಹಳದಿಗೊಂದು, ಮೂರನೆಯದು ಎಡೆಯ ಹಣ್ಣಿನದು. ಅದನ್ನು ಹಿಂಡಿ, ಬೂದಿಯಲ್ಲಿ ಕಲಸಿ ಒಣಗಿಸಿಟ್ಟಿದ್ದೆ. ಸುಬ್ಬಮ್ಮ ಬೇಲಿಯಾಚೆಯಿಂದ ನೋಡಿ ಕೂಗಿಕೊಂಡಳು.

"ಅಯ್ಯೋ ನಿನ್ನ ಓದಿಗೆ ಬೆಂಕಿ ಬೀಳ! ಎಡೆಗಿಟ್ಟಿದ್ದ ನೆಡ್ತಾರೇನ್ಲಾ ಯಾರಾದ್ರೂ? ಎಡೆ ಇಡೋದು ಉಂಡು ಓಗ್ಲಿ ಅಂತ. ಬೀಜ ನೆಟ್ರೆ ಉಳ್ಕೋ ಅಂದಂಗಾಯ್ತದೆ ಕಣೋ!"

ಈ ಮಾತು ನನಗೂ ಗೊತ್ತು. ನಮ್ಮಮ್ಮನೂ ಎಡೆಯದು ಮಿಕ್ಕರೆ ಹಸುವಿಗೆ ಹಾಕುತ್ತಿದ್ದಳು, ತಿಪ್ಪೆಗೆ ಕೂಡ ಎಸೆಯುತ್ತಿರಲಿಲ್ಲ, ಮೊಳೆತೀತು ಎಂದು. ಆದರೆ ಸೂಪರ್‌ಸ್ಟಿಷನ್ನಿಗೂ ಸೊಲನೇಸಿಯೇಗೂ ಏನು ಸಂಬಂಧ? ಆ ಹಣ್ಣು ಸಂತೆಯಲ್ಲಿ ಓಡುತ್ತದೆ ಎಂದು ಮಾಯಮ್ಮ ಹೇಳಿದ್ದಾಳೆ. ನನಗೆ ಶಿವರಾತ್ರಿಯ ಗಡುವಿದೆ.

ಇದೂ ಬರೆದುಬಿಡುತ್ತೇನೆ, ಓದುವವರು ಯಾರಿದ್ದಾರೆ. ಉಳಿದುಕೋ ಅಂದಂತಾಗುತ್ತದೆ ಎಂದಾಗ ನನಗೆ ಭಯವೇನೂ ಆಗಲಿಲ್ಲ.

9 ನವೆಂಬರ್

ಮಾರ್‌ಗ್ಲೋಬಿನ ಸಸಿ ಬುಡ ಕೊಳೆತು ಮಲಗಿತು. ಉಳಿದದ್ದನ್ನು ಒಂದು ಸಾಲಾಗಿ ನೆಟ್ಟೆ. ಗೋಲ್ಡನ್ ಕ್ವೀನ್ ಪರವಾಗಿಲ್ಲ, ನಾಲ್ಕಾರು ಸಾಲಾಯಿತು. ಮೂರನೆಯದರಲ್ಲಿ ಮಾತ್ರ ಒಂದೊಂದು ಬೀಜವೂ ಹುಟ್ಟಿದೆ. ಒಂದು ಹಣ್ಣಿನಲ್ಲಿ ಇಷ್ಟು ಬೀಜ ಎಲ್ಲಿತ್ತು? ಹುಣಸೆಮರದ ತನಕ ಅದೇ ನಾಟಿ.

ಏತದ ನೀರು ಎಲ್ಲಕ್ಕೂ ಸಾಲದು, ಯಾವುದನ್ನಾದರೂ ಬಿಡಬೇಕು. ನಾನು ಹಳದಿಯ ಪಕ್ಷ. ಬಿಸಿಲಿನಲ್ಲಿ ಹಳದಿ ಹಣ್ಣು ಲಾಟೀನಿನ ಹಾಗೆ ಹೊಳೆಯುತ್ತದೆ ಎಂದು ಪ್ಯಾಂಫ್ಲೆಟ್ಟಿನಲ್ಲಿದೆ. 'ಅಟ್ರಾಕ್ಟಿವ್ ಅಪಿಯರೆನ್ಸ್' ಎಂದು.

2 ಡಿಸೆಂಬರ್

ಬೆಳಿಗ್ಗೆ ತೋಟಕ್ಕೆ ಹೋದರೆ ಹಳದಿಯ ಸಾಲುಗಳೆಲ್ಲ ಬೇರುಸಮೇತ ಕಿತ್ತು ಬದುವಿನ ಮೇಲೆ ಬಿದ್ದಿವೆ. ಹೂವಿಗೆ ಬಂದಿದ್ದವು. ಹಂದಿಯಾಗಿದ್ದರೆ ತುಳಿದಿರುತ್ತಿತ್ತು. ಇದು ಒಂದೊಂದನ್ನೂ ನೇರ ಎತ್ತಿ, ಬೇರಿನ ಮಣ್ಣು ಒದರಿ, ಒಪ್ಪವಾಗಿ ಪಕ್ಕಕ್ಕಿಟ್ಟ ಹಾಗಿದೆ. ಕೋಪ ಬಂತು. ಪುಟ್ಟರಾಜುವಿನ ಕೆಲಸವೇ ಇರಬೇಕೆಂದು ಸುಬ್ಬಮ್ಮನ ಹತ್ತಿರ ಹೋಗಿ ಕೂಗಾಡಿದೆ.

ಆಕೆ ರಾಗಿ ಕೇರುವುದನ್ನು ನಿಲ್ಲಿಸಿ ಮೊರ ಕೆಳಗಿಟ್ಟಳು. "ನಿನ್ನೆ ಸಂಜೆ ನೀನೇ ಕಿತ್ತೆ. ನಾನು ಬೇಲಿ ಅತ್ರ ನಿಂತು ನೋಡ್ತಿದ್ದೆ."

"ನಾನಾ?"

"ಎಡಗೈಲಿ ಕೀಳ್ತಿದ್ದೆ."

ನಾನು ಎಡಗೈಯಲ್ಲಿ ಒಂದು ಲೋಟ ಕೂಡ ಎತ್ತುವವನಲ್ಲ. ಎಡಚಿ ಎಂದರೆ ಕಾಮಾಕ್ಷಿ. ಸುಬ್ಬಮ್ಮನಿಗೆ ವಯಸ್ಸಾಯಿತು, ಕಣ್ಣು ಮಂಜು. 'ಆಪ್ಟಿಕಲ್' ಏನೋ ಒಂದು ಇದೆ, ಆ ಮಾತು ನಾಲಿಗೆಯ ತುದಿಯಲ್ಲಿದೆ.

ನನ್ನ ಎಡಗೈಯ ಉಗುರಿನಲ್ಲಿ ಮಣ್ಣಿತ್ತು. ತೊಳೆದುಕೊಂಡೆ.

10 ಜನವರಿ 1959

ಮೊದಲ ಕೊಯ್ಲು. ಅದ್ಭುತ ಬೆಳೆ. ಕೆಂಪಿನ ಸಾಲನ್ನು ಗಿಳಿಗಳು ಕುಕ್ಕಿ ಹಾಳು ಮಾಡಿದವು. ಹೊಗೆಬಣ್ಣದ್ದರ ಹತ್ತಿರ ಒಂದು ಹಕ್ಕಿಯೂ ಕೂರುವುದಿಲ್ಲ. ಹುಣಸೆಮರಕ್ಕೆ ಹತ್ತಿರವಿದ್ದಷ್ಟೂ ಹಣ್ಣು ದಪ್ಪ.

ಒಂದನ್ನು ಬದುವಿನ ಮೇಲೆ ಕೂತು ತಿಂದೆ. ರುಚಿ ಹೇಗೆಂದು ಬರೆಯಲು ಬಾರದು. ಒಲೆಯ ಮುಂದೆ ಬೆನ್ನು ಮಾಡಿ ಕೂತವರ ಬೆವರು, ಸುಟ್ಟ ಬದನೆಕಾಯಿಯ ಸಿಪ್ಪೆ, ಹೊಗೆಸೊಪ್ಪು. ಇನ್ನೊಂದು ತಿಂದೆ. ಆಮೇಲೆ ಲೆಕ್ಕ ಇಡಲಿಲ್ಲ.

ಸಂತೆಗೆ ನಾನೇ ಮಂಕರಿ ಹೊತ್ತುಕೊಂಡು ಹೋದೆ. ಮಾಯಮ್ಮ ದೂರದಿಂದ ಕೈ ಬೀಸಿದಳು. ಹತ್ತಿರ ಬಂದಾಗ ಅವಳ ಕೈ ಗಾಳಿಯಲ್ಲೇ ನಿಂತಿತು.

"ಏನು ಮಾಯಮ್ಮ?"

"ಏನಿಲ್ಲ ಸಾ. ನೀವು ಬರೋ ನಡಿಗೆ... ಏನಿಲ್ಲ, ಕೂತ್ಕಳಿ."

ಕೂತ ಸ್ವಲ್ಪ ಹೊತ್ತಿಗೆ ಅಗ್ರಹಾರದವರು, ಬಸ್ಸಿನವರು, ಅರಕಲಗೂಡಿನ ಕಡೆಯ ವ್ಯಾಪಾರಿಗಳು, ಎಲ್ಲ ಸುತ್ತಿಕೊಂಡರು. 'ಕಾಮಾಕ್ಷಮ್ಮಾರ ಅಣ್ಣು ಬಂತು' ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಯಾರೂ ಬಣ್ಣದ ಮಾತೆತ್ತಲಿಲ್ಲ. ಒಬ್ಬ ಮುದುಕ ಚೌಕಾಸಿಗೆ ಬಂದ. ಅವನನ್ನು ಹೇಗೆ ಬೈದೆನೆಂದು ನನಗೇ ಆಶ್ಚರ್ಯ, ಆ ಬೈಗುಳ ನನ್ನ ಬಾಯಲ್ಲಿ ಎಂದೂ ಬಂದದ್ದಲ್ಲ. ಅವನೋ ಖುಷಿಯಾಗಿ ನಕ್ಕು, "ಬಾಯಿ ಅಂಗೇ ಅದೆ ನೋಡು!" ಎನ್ನುತ್ತ ಚೀಲ ತುಂಬಿಕೊಂಡು ಹೋದ.

ಮಧ್ಯಾಹ್ನಕ್ಕೆ ಮಂಕರಿ ಖಾಲಿ. ಮಂಡಿ ನೋಯುತ್ತಿದೆ, ಬಲಗಡೆಯದು. ಕಾಮಾಕ್ಷಿಗೂ ಅಲ್ಲೇ ನೋಯುತ್ತಿತ್ತು.

14 ಜನವರಿ, ಸಂಕ್ರಾಂತಿ

ಎಳ್ಳು ಬೀರಿ ಬಂದೆ. ಎಲ್ಲರೂ ಒಳಗೆ ಕರೆದು ಕೂರಿಸಿದರು. ಗಂಡಸರು ಯಾಕೋ ಎದ್ದು ಜಗಲಿಗೆ ಹೋದರು.

1 ಫೆಬ್ರವರಿ

ಇವತ್ತು ಬಹಳ ದಿನದ ಮೇಲೆ ಸರಿಯಾಗಿ ಬರೆಯಬೇಕೆಂದು ಕೂತಿದ್ದೇನೆ.

ಬೀಜದ ಪೊಟ್ಟಣ ಗೂಡಿನಲ್ಲಿ ಸಿಕ್ಕಿತು. ಅದರ ಮೇಲಿನ ಇಂಗ್ಲಿಷು ಓದಲು ಹೋದೆ. ಅಕ್ಷರ ಕಾಣುತ್ತದೆ, ಇರುವೆ ಸಾಲಿನ ಹಾಗೆ. ಒಂದಕ್ಕೂ ಉಚ್ಚಾರ ಹೊಳೆಯಲಿಲ್ಲ. ಬಾಟನಿ ಮೇಷ್ಟ್ರ ಮುಖ ನೆನಸಿಕೊಂಡೆ, ಬರಲಿಲ್ಲ. ಮೈಸೂರು ನೆನಸಿಕೊಂಡೆ. ಬಂದದ್ದು ಕಾಮಾಕ್ಷಿ ಮದುವೆಯ ವರ್ಷ ದಸರೆಗೆ ಹೋಗಿದ್ದ ಮೈಸೂರು. ಅವಳ ಎತ್ತರದಿಂದ, ಅವಳ ಕಣ್ಣಿಂದ. ಜನರ ಮಧ್ಯೆ ಮುಂದೆ ಮುಂದೆ ಹೋಗುತ್ತಿದ್ದ ಒಬ್ಬ ತೆಳ್ಳಗಿನ ಹುಡುಗನ ಬೆನ್ನು ಕಂಡಿತು, ಅಂಗಿಯ ಕಾಲರ್ ಹರಿದಿತ್ತು. ಅದು ನಾನು. ನನ್ನ ಬೆನ್ನನ್ನು ನಾನು ಹೇಗೆ ನೋಡಿರಲು ಸಾಧ್ಯ?

ಕುಡುಗೋಲು ತೆಗೆದುಕೊಂಡು ಬಿರುಬಿಸಿಲಿನಲ್ಲಿ ತೋಟಕ್ಕೆ ಓಡಿದೆ. ಎಲ್ಲ ಕೊಯ್ದು ಸುಟ್ಟುಬಿಡೋಣ, ತೋಟ ಹೋದರೆ ಹೋಗಲಿ, ದಂಡಿಗನಹಳ್ಳಿಯ ಜಗಲಿಯೇ ವಾಸಿ ಎಂದು. ಮೊದಲ ಗಿಡಕ್ಕೆ ಕೈ ಹಾಕಿದ್ದೆ, ಸುಬ್ಬಮ್ಮ ಬೇಲಿ ದಾಟಿ ಬಂದು ರಟ್ಟೆ ಹಿಡಿದಳು. ಮೊದಲ ದಿನ ನೆಡಬೇಡ ಎಂದು ಬೊಬ್ಬೆ ಹೊಡೆದವಳು ಅವಳೇ.

"ಬ್ಯಾಡ ಕಣಪ್ಪ. ನಿನ್ನ ಕಾಲಿಗೆ ಬೀಳ್ತೀನಿ. ಇನ್ನೊಂದು ಸ್ವಲ್ಪ ದಿನ ಇರ್ಲಿ."

"ನೀನೇ ಅಲ್ಲವೆ ಹೇಳಿದ್ದು, ಇದು ತಪ್ಪು ಅಂತ?"

"ತೆಪ್ಪೇಯ. ಆದ್ರೆ ನೆನ್ನೆ ಸಂಜೆ ನನ್ನ ಮನೆ ಒಸ್ಲ ಮೇಲೆ ಕೂತು, 'ಚಿಕ್ಕವ್ವ, ಒಂದೆಲೆ ಕೊಡೆ' ಅಂದ್ಯಲ್ಲ..." ಎಂದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ಎತ್ತಿ ಆಡ್ಸಿದ ಮಗ ಕಣೋ ಅದು. ಸತ್ತೋರೆಲ್ಲ ಒಂದ್ಸಲ ಓದ್ರೆ ಓದಂಗೆ. ಇದು ಬಂದದೆ. ಕಳಿಸ್ಬ್ಯಾಡ."

ನಾನು ಹೋದರೆ ಹೀಗೆ ಅಳುವವರು ಯಾರಾದರೂ ಇದ್ದಾರೆಯೆ ಎಂದು ಅಲ್ಲೇ ನಿಂತು ಯೋಚಿಸಿದೆ. ಆಮೇಲೆ ಕುಡುಗೋಲು ಆಕೆಯ ಕೈಗೆ ಕೊಟ್ಟೆ.

ಮಂಕರಿ ತುಂಬ ಹಣ್ಣು ಕೊಯ್ದೆವು, ಇಬ್ಬರೂ ಸೇರಿ. ಆಕೆ ಹಾಡು ಹೇಳಿದಳು. ಎರಡನೆಯ ಸೊಲ್ಲು ನನಗೂ ಬರುತ್ತಿತ್ತು.

20 ಫೆಬ್ರವರಿ

ಹಣ್ಣು ಸಂತೆಗೆ ಹೋಯಿತು. ಚನ್ನರಾಯಪಟ್ಟಣದವರೂ ಕೇಳಿದ್ದಾರೆ. ಇನ್ನು ಬೇರೆ ಬಣ್ಣದ್ದು ಹಾಕುವುದಿಲ್ಲ, ಇದೇ ಸಾಕು. ಹಟ್ಟಿ ಸಾರಿಸಿದೆ. ಎಮ್ಮೆ ಈಗ ಒದೆಯದೆ ಹಾಲು ಕೊಡುತ್ತದೆ. ಬರೆಯಲು ಬೇಸರ, ಅಕ್ಷರ ಕೂಡಿಸಿ ಕೂಡಿಸಿ ಬರೆಯಬೇಕು.

7 ಮಾರ್ಚ್, ಶಿವರಾತ್ರಿ

ಪುಟ್ಟ ಬಂದ. ಜೋರು ಮುಖ ಮಾಡಿಕೊಂಡು, ಎತ್ತು ಏರು ಸಮೇತ. ಗಿಡ ನಿಂತಿದ್ದರೂ ಏನಾದರೂ ನೆವ ತೆಗೆಯಬೇಕೆಂದೇ ಬಂದದ್ದು, ಅವನ ಬುದ್ಧಿ ಚಿಕ್ಕಂದಿನಿಂದ ಗೊತ್ತಿಲ್ಲವೆ. ನಾನು ಸಾಲಿನ ಮಧ್ಯೆ ಕೂತು ಕಳೆ ತೆಗೆಯುತ್ತಿದ್ದೆ. ಬದುವಿನ ಮೇಲೆ ಬಂದವನು ನನ್ನ ಕೈಯನ್ನೇ ನೋಡುತ್ತ ನಿಂತುಬಿಟ್ಟ. ಎತ್ತುಗಳು ಮಾತ್ರ ಹಗ್ಗ ಜಗ್ಗಿಕೊಂಡು ಹಿಂದೆ ಹಿಂದೆ ಹೋದವು.

"ಭಾವ," ಎಂದ. "ಊರಲ್ಲಿ ಏನೇನೋ ಅಂತವ್ರೆ. ನಾನು ನಂಬಕಿಲ್ಲ. ನೀವು ತ್ವಾಟ ಒಡಕೊಳ್ಳಕೆ ನಾಟ್ಕ ಕಟ್ಟಿದ್ದೀರಿ."

"ಬಿಸಿಲಲ್ಲಿ ಯಾಕೋ ನಿಂತಿದ್ದೀಯ? ನೆಳ್ಳಿಗೆ ಬಾ."

"ಒಂದು ಕೇಳ್ತೀನಿ, ಏಳ್ಬುಡಿ. ಅಷ್ಟೇ. ನಿಮ್ಮ ಎಸ್ರು ಏನು?"

"ನಿನ್ನ ತಲೆ. ನನ್ನ ಹೆಸರು ನಿನಗೆ ಗೊತ್ತಿಲ್ವಾ?"

"ದಂಡಿಗನಹಳ್ಳಿಯೋರ ಎಸ್ರೇಳಿ. ಈ ಮನೆ ಅಳೀನ ಎಸ್ರು. ಬಾಯ್ಬುಟ್ಟು ಒಂದ್ಸಲ ಏಳಿ, ಏರು ಇಡ್ಕೊಂಡು ಈಗ್ಲೇ ಓಯ್ತೀನಿ."

ನನಗೆ ನಗು ತಡೆಯಲಾಗಲಿಲ್ಲ. ನಾಚಿಕೆಯೂ ಆಯಿತು. ಮೊಣಕೈಯಿಂದ ಬಾಯಿ ಮುಚ್ಚಿಕೊಂಡು, "ಥೂ! ಮದುವೆಯಾದ ದಿವಸದಲ್ಲೇ ಒಗಟಿನಲ್ಲಿಟ್ಟು ಹೇಳು ಅಂದರೂ ಹೇಳಲಿಲ್ಲ, ಈಗ ಹೇಳ್ತೀನಾ? ಗಂಡನ ಹೆಸರು ಹಿಡಿದು ಕೂಗಿಸ್ತಾನಂತೆ, ಹೋಗೋ ಅತ್ಲಾಗೆ!" ಎಂದೆ.

ಪುಟ್ಟ ಬದುವಿನ ಮೇಲೆ ಕುಸಿದು ಕೂತ. ಅವನ ಮುಖ ಎಳೆ ಹುಡುಗನ ಹಾಗಾಗಿತ್ತು. ಆಮೇಲೆ ತೆವಳಿಕೊಂಡು ಬಂದು ನನ್ನ ಕಾಲು ಮುಟ್ಟಿದ.

"ಅಕ್ಕ," ಎಂದ. "ತ್ವಾಟ ನಿಂದು ಕಣಕ್ಕ. ನಾನಿನ್ನ ಈ ಕಡೀಕೆ ಬರಕಿಲ್ಲ. ನಾನಿರೋಗಂಟ ಯಾರೂ ಬರಕಿಲ್ಲ."

"ಬರದೆ ಏನು? ಹಬ್ಬದ ದಿವಸ ಹಸಿದುಕೊಂಡು ಹೋಗಬೇಡ. ಉಪವಾಸವಾದರೆ ಹಣ್ಣಾದರೂ ತಿಂದು ಹೋಗು."

ಹಣ್ಣು ಕಿತ್ತು ಕೊಟ್ಟೆ. ಕೈಯಲ್ಲಿ ಹಿಡಿದುಕೊಂಡ, ತಿನ್ನಲಿಲ್ಲ. ಎತ್ತು ಹೊಡೆದುಕೊಂಡು ಹೋಗುತ್ತ ಹೋಗುತ್ತ ಹುಣಸೆಮರದ ಹತ್ತಿರ ನಿಂತ. ಅಲ್ಲಿನ ಮಣ್ಣುಗುಡ್ಡೆಯನ್ನೊಮ್ಮೆ ನೋಡಿದ, ತಿರುಗಿ ನನ್ನನ್ನೊಮ್ಮೆ ನೋಡಿದ. "ಅಂಗಾರೆ ಭಾವ ಎಲ್ಲವ್ರೆ?" ಎಂದು ಕೇಳಿದ, ಮೆಲ್ಲಗೆ.

ಇಲ್ಲೇ ಎಲ್ಲೋ ಇರಬೇಕು ಎಂದೆ.

8 ಮಾರ್ಚ್

ತೋಟ ಉಳಿಯಿತು. ಈ ಸುದ್ದಿ ಅವರಿಗೆ ಹೇಳಿದರೆ ಎಷ್ಟು ಖುಷಿ ಪಡುತ್ತಾರೋ, ಇಂಗ್ಲಿಷಿನಲ್ಲಿ ಒಂದೆರಡು ಮಾತಾದರೂ ಆಡುತ್ತಾರೆ. ಬೆಳಿಗ್ಗೆಯಿಂದ ಕಾಣಲಿಲ್ಲ. ಚಿಕ್ಕವ್ವನನ್ನು ಕೇಳಿದೆ, ಆಕೆ ಎದ್ದು ಒಳಗೆ ಹೋದಳು. ಸಂತೆಗೆ ಹೋದರೇನೋ ಎಂದರೆ ಚಪ್ಪಲಿ ಇಲ್ಲೇ ಇದೆ.

ಮುದ್ದೆ ಆರಿತು. ಇನ್ನೊಮ್ಮೆ ಬಿಸಿ ಮಾಡಿ ಇಟ್ಟಿದ್ದೇನೆ. ಹಿತ್ತಿಲ ಬಾಗಿಲಿಗೆ ಹೋಗಿ, ಏನೂಂದ್ರೆ, ಊಟಕ್ಕೆ ಬನ್ನಿ ಎಂದು ಕೂಗಿದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೂಗಿದೆ.